ಅಕ್ಕೋರಿಗೆ ಏನು ಸೇರುತ್ತಿತ್ತು?

ಓದುವ ಎಲ್ಲರಿಗೂ ಕೊಟ್ಟೂರಿನಿಂದ ನಮಸ್ಕಾರ. ನಾನು ಬರೆಯುವವನಲ್ಲ. ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ-ಮಿರ್ಚಿ ಅಂಗಡಿ ಇಟ್ಟುಕೊಂಡವನು. ಹನ್ನೊಂದು ವರ್ಷ ತುಂಬಿದ ಮೇಲೆ ಒಂದನೇ ತರಗತಿಗೆ ಹೋಗಿ ಕೂತವನು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಇದನ್ನು ಟೈಪ್ ಮಾಡುತ್ತಿದ್ದೇನೆ. ಎಲ್ಲಾದರೂ ಒತ್ತಕ್ಷರ ಬಿಟ್ಟುಹೋಗಿದ್ದರೆ, ಹೇಳಿದ್ದನ್ನೇ ಮತ್ತೆ ಹೇಳಿದ್ದರೆ, ಎಣ್ಣೆ ಕೈಯವನು ಬರೆದದ್ದು ಎಂದು ತಿಳಿದು ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಅಕ್ಕೋರು ತೀರಿಕೊಂಡರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ಇವರು ಶಾಲೆಯಿಂದ ನಿವೃತ್ತಿಯಾಗಿ ಎಷ್ಟೋ ವರ್ಷವಾಗಿತ್ತು, ಆದರೂ ನಮಗೆ ಅಕ್ಕೋರೇ. ಬೇರೆ ಹೆಸರಿನಿಂದ ಅವರನ್ನು ಕರೆದವರನ್ನು ನಾನು ನೋಡಿದ್ದು ಕಡಿಮೆ.

ಕೂಡ್ಲಿಗಿ ಕಡೆಯ ಒಂದು ಹಳ್ಳಿಯಲ್ಲಿ ಅವರು ಪಾಠ ಹೇಳುತ್ತಿದ್ದಾಗ, ಸುಗ್ಗಿ ಮುಗಿದ ಮೇಲೆ ತರಗತಿ ಅರ್ಧ ಖಾಲಿಯಾಗುತ್ತಿತ್ತಂತೆ. ಅಪ್ಪ ಅವ್ವ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಎಂದು ಗುಳೆ ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಿದ್ದರು. "ಮಕ್ಕಳನ್ನ ನನ್ನ ಹತ್ರ ಬಿಟ್ಟು ಹೋಗ್ರಿ, ಬಂದ ಮ್ಯಾಲ ಕರ್ಕಂಡು ಹೋಗ್ರಿ" ಎಂದು ಅಕ್ಕೋರು ತಾವಿದ್ದ ಬಾಡಿಗೆ ಮನೆಯಲ್ಲೇ ಶುರುಮಾಡಿದರು. ಕೆಲವರು ಬಂದು ಕರೆದುಕೊಂಡು ಹೋದರು. ಕೆಲವರು ಬರಲೇ ಇಲ್ಲ. ಹಾಗೆ ಬರದೇ ಹೋದವರ ಮಕ್ಕಳಿಗಾಗಿ ಊರ ಹೊರಗೆ ತಗಡಿನ ಶೆಡ್ ಆಯಿತು, ಆಮೇಲೆ ಈಗಿನ ಮಕ್ಕಳ ಮನೆಯ ಕಟ್ಟಡ ಆಯಿತು. ಅಕ್ಕೋರು ಮದುವೆಯಾಗಲಿಲ್ಲ. ಯಾಕೆ ಎಂದು ನಾವು ಕೇಳಲಿಲ್ಲ. ನಮಗೆ ಅದು ಕೇಳುವ ವಿಷಯ ಅನ್ನಿಸಿಯೇ ಇರಲಿಲ್ಲ.

ನಾನು ತೆಲಿಗಿಯಲ್ಲಿ ಬೇರೆಯವರ ಮನೆಯ ಆಡು ಕಾಯುತ್ತಿದ್ದೆ. ಅವ್ವ ಇರಲಿಲ್ಲ. ಅಪ್ಪ ಮಂಡ್ಯದ ಕಡೆ ಹೋದವನು ಅಲ್ಲೇ ಉಳಿದುಕೊಂಡ. ಊರಿನವರೊಬ್ಬರು ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬಂದು ಅಕ್ಕೋರ ಮುಂದೆ ನಿಲ್ಲಿಸಿದರು. ಅಕ್ಕೋರು ನನ್ನ ಹೆಸರು ಕೇಳಲಿಲ್ಲ. "ನಿನಗ ತಿನ್ನಾಕ ಏನು ಸೇರ್ತೈತಿ?" ಎಂದು ಕೇಳಿದರು. ನಾನು ಹೆದರಿಕೊಂಡು, "ಮಿರ್ಚಿ" ಅಂದೆ.

"ಹೌದೇನು? ನನಗೂ ಅದಾ ಸೇರ್ತೈತಿ ನೋಡು," ಅಂದರು.

ಮುಂದಿನ ಸಂತೆಯ ದಿನ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತರು. ತಾವೂ ಒಂದು ಮಿರ್ಚಿ ಕೈಯಲ್ಲಿ ಹಿಡಿದಿದ್ದರು. ತಿಂದರೋ ಇಲ್ಲವೋ ನನಗೆ ನೆನಪಿಲ್ಲ. ನಾನು ನನ್ನದನ್ನು ತಿನ್ನುವುದರಲ್ಲಿದ್ದೆ. ಈ ನೆನಪಿಲ್ಲದ ಮಾತು ಮುಂದೆ ಬರುತ್ತದೆ, ಅದಕ್ಕೇ ಇಲ್ಲಿ ಹೇಳಿದೆ.

ಅಲ್ಲಿ ಒಂದು ಪದ್ಧತಿ ಇತ್ತು. ಅಂಗಳದ ಬೇವಿನ ಮರಕ್ಕೆ ರೈಲು ಹಳಿಯ ಒಂದು ತುಂಡು ಕಟ್ಟಿತ್ತು. ಅದೇ ನಮ್ಮ ಗಂಟೆ. ದಿನಕ್ಕೊಬ್ಬರಂತೆ ಮಕ್ಕಳ ಪಾಳಿ. ಊಟದ ಗಂಟೆ ಹೊಡೆದ ಮೇಲೆ ಮಕ್ಕಳು ಕಾಯಬಾರದು. ಸಣ್ಣವರಿಂದ ಬಡಿಸುತ್ತಾ ಬರಬೇಕು, ದೊಡ್ಡವರು ಬಡಿಸಿ ಆಮೇಲೆ ಕೂಡಬೇಕು. ಒಮ್ಮೆ ಯಾರೋ ದೊಡ್ಡ ಸಾಹೇಬರು ಬಂದು ಭಾಷಣ ಮಾಡುತ್ತಿದ್ದಾಗ ಗಂಟೆ ಹೊಡೆಯಿತು. ಅಕ್ಕೋರು ಎದ್ದು ನಿಂತು, "ಉಳಿದದ್ದು ಆಮ್ಯಾಲ ಹೇಳ್ರಿ ಸಾಹೇಬ್ರ, ಮಕ್ಕಳ ತಾಟು ಮುಂದೈತಿ" ಅಂದುಬಿಟ್ಟರು. ಸಾಹೇಬರು ಒಳ್ಳೆಯವರು, ನಕ್ಕು ತಾವೂ ಸೌಟು ಹಿಡಿದರು. ಎಲ್ಲರ ಊಟ ಮುಗಿದ ಮೇಲೆ ಅಕ್ಕೋರು ಅಡಿಗೆ ಮನೆಯ ಹೊಸ್ತಿಲ ಮೇಲೆ ಕೂತು ಪಾತ್ರೆಯ ತಳದಲ್ಲಿ ಇದ್ದದ್ದನ್ನು ಉಣ್ಣುತ್ತಿದ್ದರು. ಅನ್ನ ಉಳಿದರೆ ಅನ್ನ. ಮುರಿದ ರೊಟ್ಟಿ ಉಳಿದರೆ ಅದು.

ಸುದ್ದಿ ಬಂದಾಗ ನಾನು ಅಂಗಡಿಯಲ್ಲಿದ್ದೆ. ಕಡಾಯಿಯಲ್ಲಿ ಮಿರ್ಚಿ ಬಿಟ್ಟಿದ್ದೆ. ಫೋನ್ ಮಾಡಿದವನು ಹರಪನಹಳ್ಳಿಯಲ್ಲಿ ಬಸ್ ಕಂಡಕ್ಟರ್ ಆಗಿರುವ ನನ್ನ ಗೆಳೆಯ. ಅವನೂ ಅಕ್ಕೋರ ಮನೆಯಲ್ಲೇ ಬೆಳೆದವನು.

"ಅಕ್ಕೋರು ಹೋದ್ರಲೇ," ಅಂದ. ಆಮೇಲೆ ಬರೀ ಅಳು ಕೇಳಿಸಿತು. ಅವನ ಹಿಂದೆ ಬಸ್ಸಿನ ಹಾರನ್ ಕೇಳಿಸುತ್ತಿತ್ತು.

"ಹೂಂ," ಅಂದೆ ನಾನು. "ಬರ್ತೀನಿ."

ಫೋನ್ ಜೇಬಿಗಿಟ್ಟು ಮಿರ್ಚಿ ತಿರುವಿ ಹಾಕಿದೆ. ಬೆಂದ ಮೇಲೆ ತೆಗೆದೆ. ಕಾಯುತ್ತಿದ್ದ ಗಿರಾಕಿಗೆ ಕಟ್ಟಿಕೊಟ್ಟೆ. ಚಿಲ್ಲರೆ ಕೊಟ್ಟೆ. "ಈರುಳ್ಳಿ ಹಾಕಿಲ್ಲಲ್ಲೋ ಮಾರಾಯ" ಅಂದ ಅವನು. ಈರುಳ್ಳಿ ಹೆಚ್ಚಿ ಹಾಕಿದೆ. ಈರುಳ್ಳಿ ಹೆಚ್ಚಿದರೂ ಕಣ್ಣಲ್ಲಿ ನೀರು ಬರಲಿಲ್ಲ. ಒಲೆ ಆರಿಸಿ, ಬಾಗಿಲು ಎಳೆದು, ಕೂಡ್ಲಿಗಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಒಬ್ಬರು ಮೆಕ್ಕೆಜೋಳದ ಬೆಳೆ ಹೇಗಿದೆ ಎಂದು ಮಾತಿಗೆಳೆದರು, ನಾನೂ ಮಾತಾಡಿದೆ. ಬಹಳ ಹೊತ್ತು ಕಾಲು ಮಡಿಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಆಗ ಕಾಲು ನಮ್ಮದೇ ಆಗಿದ್ದರೂ ಮುಟ್ಟಿದರೆ ಬೇರೆಯವರದ್ದು ಅನ್ನಿಸುತ್ತದೆ. ನನಗೆ ಹಾಗೆ ಆಗಿತ್ತು, ಕಾಲಿಗಲ್ಲ.

ಮಾರನೇ ದಿನ ಮಣ್ಣು. ಅಕ್ಕೋರ ತಮ್ಮ ಹಡಗಲಿ ಕಡೆಯ ಹಳ್ಳಿಯಿಂದ ಬಂದಿದ್ದರು. ಒಕ್ಕಲುತನದ ಮನುಷ್ಯ, ಎಪ್ಪತ್ತರ ಹತ್ತಿರ ಇರಬೇಕು, ಬಿಳಿ ಟೋಪಿ. ವರ್ಷಕ್ಕೊಮ್ಮೆ ಬಂದು ಒಂದು ಚೀಲ ಜೋಳ ಇಳಿಸಿ, ಅಕ್ಕನನ್ನು ನೋಡಿ ಹೋಗುತ್ತಿದ್ದವರು. ನಾವು ಅವರಿಗೆ ಯಜ್ಮಾನ್ರು ಅನ್ನುತ್ತಿದ್ದೆವು. ಊರಿನ ತಮ್ಮ ಹೊಲದಲ್ಲಿ ಅಕ್ಕನನ್ನು ಇಡಬೇಕೆಂಬುದು ಅವರ ಆಸೆ. ಆದರೆ ಮಕ್ಕಳ ಮನೆಯ ಹಿಂದೆ ತಮ್ಮನ್ನು ಇಡಬೇಕೆಂದು ಅಕ್ಕೋರು ಮೊದಲೇ ಎಲ್ಲರ ಎದುರಿಗೆ ಹೇಳಿದ್ದರು. ಯಜ್ಮಾನ್ರು ಅದಕ್ಕೆ ಒಪ್ಪಿದರು. ನಾವು ಗುಂಡಿಗೆ ಮಣ್ಣು ಹಾಕಿದೆವು. ಕಂಡಕ್ಟರ್ ನಿಲ್ಲಲಾರದೆ ಕುಸಿದು ಕೂತ. ಹಗರಿಬೊಮ್ಮನಹಳ್ಳಿಯಲ್ಲಿ ನರ್ಸ್ ಆಗಿರುವ ನಮ್ಮ ಜೊತೆಯವಳು ಅವನ ಬೆನ್ನು ಸವರುತ್ತಾ ತಾನೂ ಅಳುತ್ತಿದ್ದಳು. ನಾನು ಸಲಿಕೆ ತೆಗೆದುಕೊಂಡು ಮಣ್ಣು ಸಮ ಮಾಡಿದೆ. ಅಂಚು ಸರಿಯಾಗಿ ಬಂದಿದೆಯೇ ಎಂದು ನೋಡಿ ಇನ್ನೊಂದಿಷ್ಟು ಎಳೆದೆ.

ಆಮೇಲೆ ಮೂರನೇ ದಿನದ ಮಾತು ಬಂತು. ನಮ್ಮ ಕಡೆ ಮೂರನೇ ದಿನ ಮಣ್ಣಾದ ಜಾಗಕ್ಕೆ ಹಾಲು, ತುಪ್ಪ ಬಿಟ್ಟು, ಹೋದವರಿಗೆ ಇಷ್ಟವಾದ ಅಡಿಗೆ ಮಾಡಿ ಎಡೆ ಇಡುತ್ತಾರೆ. ಎಡೆ ಇಡುವ ತನಕ ಆ ಅಡಿಗೆಯನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಎಂಜಲಾಯಿತು. ಇದನ್ನು ಮಾಡುವವರು ಮಕ್ಕಳು, ಇಲ್ಲವೇ ರಕ್ತ ಸಂಬಂಧದವರು.

"ನಾವು ಮಾಡ್ತೀವ್ರಿ," ಅಂದೆ ನಾನು. ಯಾಕೆ ನಾನೇ ಮುಂದೆ ಬಂದೆನೋ ಗೊತ್ತಿಲ್ಲ. ಉಳಿದವರು ಅಳುತ್ತಿದ್ದರು, ನನಗೊಬ್ಬನಿಗೇ ಮಾತು ಬರುತ್ತಿತ್ತು.

ಯಜ್ಮಾನ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವಂದ್ರ ಯಾರಪ್ಪ?"

"ಇಲ್ಲಿ ಬೆಳೆದೋರು. ನಾವಾ ಅಕ್ಕೋರ ಮಕ್ಕಳ್ರೀ."

"ಮಾಡ್ರಿ," ಅಂದರು ಯಜ್ಮಾನ್ರು. "ಆದ್ರ ಸರಿಯಾಗಿ ಮಾಡ್ರಿ. ಮದುವಿ ಇಲ್ಲ, ಮಕ್ಕಳಿಲ್ಲ, ದಿಕ್ಕಿಲ್ಲದಾಕಿ ಹಂಗ ಹೋದ್ಲು ಅಂತ ನಮ್ಮೂರಾಗ ಮಂದಿ ಅಂದ್ರ ನನಗ ತಡ್ಕಳ್ಳಾಕ ಆಗಲ್ಲ. ಎಡಿ ಸರಿಯಾತು ಅಂದ್ರ ಹನ್ನೊಂದನೇ ದಿನದ ಕಾರ್ಯಾನೂ ನೀವಾ ಮಾಡ್ರಿ. ತಪ್ಪಿತು ಅಂದ್ರ ಅದನ್ನ ನಮ್ಮೂರಾಗ ನಾನು ಮಾಡ್ತೀನಿ. ಆವಾಗ ಮತ್ತ ನೀವು ಅಡ್ಡ ಬರಬಾರ್ದು."

"ಆತ್ರಿ," ಅಂದೆ.

ಅವರು ಊರಿಗೆ ಹೋಗಿ ಮೂರನೇ ದಿನ ಬರುತ್ತೇನೆಂದು ಹೊರಟರು. ಆವತ್ತು ಸಂಜೆ ನಾವು ಬೇವಿನ ಮರದ ಕೆಳಗೆ ಕೂತೆವು. ಕಂಡಕ್ಟರ್, ನರ್ಸ್, ನಾನು, ಮತ್ತೆ ಅಡಿಗೆ ಮಾಡುವ ಸಣ್ಣವ್ವ. ಸಣ್ಣವ್ವನಿಗೂ ಈಗ ವಯಸ್ಸಾಗಿದೆ. ನಾವು ಬರುವುದಕ್ಕೆ ಮೊದಲಿನಿಂದಲೂ ಆ ಅಡಿಗೆ ಮನೆಯಲ್ಲಿದ್ದವಳು. ಎಡೆಗೆ ಏನು ಮಾಡುವುದು ಎಂದು ಮಾತು ಶುರುವಾಯಿತು.

"ಹೋಳಿಗಿ ಮಾಡ್ಬೇಕು," ಅಂದ ಕಂಡಕ್ಟರ್. "ಅಕ್ಕೋರಿಗೆ ಹೋಳಿಗಿ ಅಂದ್ರ ಪ್ರಾಣ."

"ಯಾರು ಹೇಳಿದ್ರಲೇ ನಿನಗ?" ಅಂದಳು ನರ್ಸ್.

"ಅವರಾ ಹೇಳ್ಯಾರ. ಉಗಾದಿ ದಿನ ನಾನು ತಿನ್ನೋದು ನೋಡಿ, ನನಗೂ ಅದಾ ಸೇರ್ತೈತಿ ಅಂದಿದ್ರು."

"ಹೋಳಿಗಿ ಸೇರೋದು ನಿನಗ. ಹೊಟ್ಟಿ ನೋಡ್ಕ ಒಂದ್ಸಲ. ಟಿಕೆಟ್ ಚೀಲ ಕೊರಳಿಗೆ ಹಾಕ್ಕಳ್ಳಾದಾ ಬ್ಯಾಡ, ಹೊಟ್ಟಿ ಮ್ಯಾಲ ಇಟ್ರ ಹಂಗಾ ಕುಂದ್ರತೈತಿ. ಅಕ್ಕೋರಿಗೆ ಸೇರ್ತಿದ್ದದ್ದು ಹೆಸರುಬ್ಯಾಳಿ ಪಾಯಸ."

"ನಿನಗ ಯಾರು ಹೇಳಿದ್ರು?"

"ನನಗ ಜ್ವರ ಬಂದಿತ್ತು. ಏನು ತಿಂತೀಯವ್ವ ಅಂದ್ರು. ಪಾಯಸ ಅಂದೆ," ಎಂದು ನಿಲ್ಲಿಸಿ, "ನನಗೂ ಅದಾ ಸೇರ್ತೈತಿ ಅಂದ್ರು," ಅಂದಳು.

ಇಬ್ಬರೂ ನನ್ನ ಕಡೆ ತಿರುಗಿದರು.

"ಮಿರ್ಚಿ," ಅಂದೆ.

"ನಿನಗೂ ಹಂಗಾ ಅಂದಿದ್ರೇನು?"

"ಹೂಂ."

ಬೇವಿನ ಕಾಯಿ ಒಂದೊಂದೇ ಉದುರುತ್ತಿದ್ದವು. ಕೊನೆಗೆ ಎಲ್ಲರೂ ಸಣ್ಣವ್ವನ ಮುಖ ನೋಡಿದೆವು. ಅವಳಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರಬೇಕು?

"ನನ್ನ ಏನು ನೋಡ್ತೀರಿ?" ಅಂದಳು ಸಣ್ಣವ್ವ. "ಇಷ್ಟು ವರ್ಷ ಅಡಿಗಿ ಮಾಡೀನಿ, ಇಂಥದ್ದು ಮಾಡು ಅಂತ ಆಯಮ್ಮ ತನಗೋಸ್ಕರ ಒಂದು ದಿನ ಬಾಯಿ ಬಿಟ್ಟು ಕೇಳಿಲ್ಲ. ಉಳಿದದ್ದು ಏನೈತಿ ಸಣ್ಣವ್ವ, ಅಂತ ಕೇಳೋರು. ಅಷ್ಟಾ."

"ಉಳಿದದ್ದು ಎಡಿ ಇಡಾಕ ಬರ್ತೈತೇನು," ಅಂದ ಕಂಡಕ್ಟರ್. ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ.

ನಾವೆಲ್ಲ ಅವರ ಕೈಯಲ್ಲಿ ಉಂಡು ಬೆಳೆದವರು. ಅವರ ಕನ್ನಡಕದ ನಂಬರು ನರ್ಸಿಗೆ ಗೊತ್ತು. ಅವರು ಯಾವ ಬಸ್ಸಿನಲ್ಲಿ ಯಾವ ಸೀಟಿನಲ್ಲಿ ಕೂರುತ್ತಿದ್ದರು ಎಂದು ಕಂಡಕ್ಟರಿಗೆ ಗೊತ್ತು. ತಿನ್ನಲು ಏನು ಇಷ್ಟ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಇದು ತಿಳಿದಾಗಲೂ ನನಗೆ ಎದೆಯಲ್ಲಿ ಏನೂ ಆಗಲಿಲ್ಲ. ಲೆಕ್ಕ ಹಾಕಿದೆ, ಅಷ್ಟೇ. ಮೂರನ್ನೂ ಮಾಡೋಣ, ಜೊತೆಗೆ ಅನ್ನ, ಸಾರು, ಬದನೆಕಾಯಿ ಪಲ್ಯ, ರೊಟ್ಟಿ ಇರಲಿ ಅಂದೆ. ಎಲ್ಲರೂ ಹೂಂ ಅಂದರು.

ಮೂರನೇ ದಿನ ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ ಅಡಿಗೆಗೆ ನಿಂತೆವು. ಸಣ್ಣವ್ವ ರೊಟ್ಟಿ ಬಡಿದು ಬುಟ್ಟಿಯಲ್ಲಿ ಒಟ್ಟಿದಳು. ನರ್ಸ್ ಪಾಯಸ ಮಾಡಿದಳು. ಕಂಡಕ್ಟರ್ ಹೂರಣ ರುಬ್ಬಿ ಮೈಗೆಲ್ಲ ಮೆತ್ತಿಕೊಂಡ. ನಾನು ಮಿರ್ಚಿ ಕರಿದೆ. ಮಕ್ಕಳಿಗೆ ಶಾಲೆ ರಜೆ ಹಾಕಿಸಿದ್ದೆವು. ಅವರೂ ಸ್ನಾನ ಮಾಡಿ, ತಲೆ ಬಾಚಿಕೊಂಡು, ಜಗಲಿಯ ಮೇಲೆ ಸಾಲಾಗಿ ಕೂತಿದ್ದರು. ಬೆಳಿಗ್ಗೆ ಬರೀ ಚಹಾ, ಬ್ರೆಡ್ ಕೊಟ್ಟಿದ್ದೆವು. ಒಳಗಿನಿಂದ ಹೋಳಿಗೆಯ ವಾಸನೆ ಹೊರಗೆ ಹೋಗುತ್ತಿತ್ತು. ಒಂದು ಮಗುವೂ ಹಸಿವು ಅನ್ನಲಿಲ್ಲ.

ಎಲ್ಲ ಸಿದ್ಧವಾದ ಹೊತ್ತಿಗೆ ಯಜ್ಮಾನ್ರ ಫೋನ್ ಬಂತು.

"ಹಗರಿಬೊಮ್ಮನಹಳ್ಳಿ ದಾಟಿದ ಮ್ಯಾಲ ಬಸ್ಸು ಕೆಟ್ಟು ನಿಂತೈತಪ್ಪ. ಬ್ಯಾರೆ ಬಸ್ಸಿಗೆ ಬರ್ತೀನಿ. ನಾ ಬರೋತನಕ ಎಡಿ ಇಡಬ್ಯಾಡ್ರಿ."

"ಆತ್ರಿ. ಕಾಯ್ತೀವಿ."

ಕಾದೆವು. ಅಡಿಗೆ ಮುಚ್ಚಿಟ್ಟೆವು. ಸಣ್ಣವ್ವ ಎಡೆಯ ಬಾಳೆ ಎಲೆ ತೊಳೆದು, ಹಾಲು-ತುಪ್ಪದ ಬಟ್ಟಲು ಜೋಡಿಸಲು ದೇವರ ಕೋಣೆಗೆ ಹೋದಳು. ನಾವು ಮೂವರು ಅಡಿಗೆ ಮನೆಯ ಗೋಡೆಗೆ ಒರಗಿ ನಿಂತಿದ್ದೆವು.

ಆಗ ಗಂಟೆ ಹೊಡೆಯಿತು.

ಆವತ್ತಿನ ಪಾಳಿ ಇದ್ದ ಹುಡುಗಿ ಗೋಡೆ ಗಡಿಯಾರ ನೋಡಿ ಊಟದ ಹೊತ್ತಿಗೆ ಎದ್ದು ಹೊಡೆದಿದ್ದಳು. ಈ ದಿನ ಹೊಡೆಯಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಕ್ಕಳು ಎದ್ದು ತಾಟು ತಂದರು. ಸಣ್ಣವರು ಮುಂದೆ, ದೊಡ್ಡವರು ಹಿಂದೆ ಕೂತರು. ನಾನು ಅನ್ನದ ಬಕೆಟ್ ಎತ್ತಿಕೊಂಡೆ. ಕಂಡಕ್ಟರ್ ಸಾರು ತಗೊಂಡ. ನರ್ಸ್ ಪಾಯಸದ ಪಾತ್ರೆ ಸೊಂಟಕ್ಕಿಟ್ಟುಕೊಂಡಳು. ಸಣ್ಣವರಿಂದ ಬಡಿಸುತ್ತಾ ಬಂದೆವು. ಓದುವವರು ನಂಬಬೇಕು, ನಮ್ಮಲ್ಲಿ ಒಬ್ಬರಿಗೂ ಏನೂ ಹೊಳೆಯಲಿಲ್ಲ. ಆ ಗಂಟೆಗೆ ನಮ್ಮ ಕೈ ಹಾಗೆ ಏಳುತ್ತದೆ. ಎರಡನೇ ಸಲ ಅನ್ನ ಬೇಕೇನು ಎಂದು ಕೇಳಿಕೊಂಡೂ ಬಂದೆ. ಹೋಳಿಗೆ ಹಾಕಿದೆವು. ಮಿರ್ಚಿ ಹಾಕಿದೆವು. ಒಬ್ಬ ಹುಡುಗ ಇನ್ನೊಂದು ಕೇಳಿದ, ಅವನಿಗೂ ಹಾಕಿದೆ.

ಸಣ್ಣವ್ವ ಬಟ್ಟಲು ಹಿಡಿದುಕೊಂಡು ಹೊರಗೆ ಬಂದವಳು ಬಾಗಿಲಲ್ಲೇ ನಿಂತಳು.

"ಅಯ್ಯೋ, ಎಡಿ!" ಅಂದಳು.

ಸೌಟು ನನ್ನ ಕೈಯಲ್ಲೇ ಇತ್ತು. ಬಕೆಟಿನ ತಳ ಕಾಣುತ್ತಿತ್ತು. ಕಂಡಕ್ಟರ್ ಸಾರಿನ ಪಾತ್ರೆ ನೆಲಕ್ಕಿಟ್ಟು ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡ. ಮಕ್ಕಳು ಏನೋ ತಪ್ಪಾಯಿತೆಂದು ತಿಳಿದು ಉಣ್ಣುವುದನ್ನು ನಿಲ್ಲಿಸಿದರು. ಗಂಟೆ ಹೊಡೆದ ಹುಡುಗಿಯ ಬಾಯಲ್ಲಿ ಹೋಳಿಗೆ ಹಾಗೇ ಇತ್ತು. ನುಂಗಲೂ ಇಲ್ಲ, ಉಗುಳಲೂ ಇಲ್ಲ.

"ಉಣ್ರಿ," ಅಂದೆ ನಾನು. "ನಿಮ್ಮದೇನಿಲ್ಲ. ಉಣ್ರಿ."

ಗೇಟಿನ ಸದ್ದಾಯಿತು. ಯಜ್ಮಾನ್ರು ಹಡಗಲಿ ಮಲ್ಲಿಗೆಯ ದಂಡೆಯನ್ನು ಎಲೆಯಲ್ಲಿ ಸುತ್ತಿಕೊಂಡು ಒಳಗೆ ಬರುತ್ತಿದ್ದರು. ಬಿಸಿಲಲ್ಲಿ ನಡೆದು ಬಂದಿದ್ದರು, ಮುಖ ಕೆಂಪಾಗಿತ್ತು. ಸಾಲು ನೋಡಿದರು. ತಾಟು ನೋಡಿದರು.

"ಎಡಿ ಇಟ್ರೇನು?"

"ಇಲ್ರಿ."

"ಮತ್ತ ಮಕ್ಕಳು ಉಣ್ಣಾಕ ಹತ್ಯಾರ?"

"ಗಂಟಿ ಹೊಡೀತು. ಬಡಿಸಿಬಿಟ್ವಿ."

"ಬಡಿಸಿಬಿಟ್ವಿ ಅಂದ್ರ?" ಅವರ ದನಿ ಏರಿತು. "ಒಂದು ಮಾತು ಹೇಳಿದ್ದೆ ನಿಮಗ. ಒಂದಾ ಒಂದು. ಎಂಜಲ ಅಡಿಗಿ ಇಡ್ತೀರೇನು ನಮ್ಮಕ್ಕಗ? ನಾಯಿಗೆ ಇಟ್ಟಂಗ?"

ನಾನು ಸೌಟನ್ನು ಬಕೆಟಿನೊಳಗೆ ಇಟ್ಟೆ. ಏನಾದರೂ ಹೇಳಬೇಕಿತ್ತು, ಕಾಲಿಗೆ ಬೀಳಬೇಕಿತ್ತು. ಹನ್ನೊಂದನೇ ದಿನ ನಮ್ಮ ಕೈ ಬಿಟ್ಟು ಹೋಯಿತು, ನಾವು ಅವರ ಮಕ್ಕಳಲ್ಲ ಎಂದು ಈಗ ತೀರ್ಮಾನವಾಯಿತು ಎಂಬುದು ತಲೆಗೆ ಗೊತ್ತಾಗುತ್ತಿತ್ತು. ಅದು ಕೆಳಗೆ ಇಳಿಯುತ್ತಿರಲಿಲ್ಲ.

ಸಣ್ಣವ್ವ ಮುಂದೆ ಬಂದಳು. "ಬೈಬ್ಯಾಡ್ರಿ ಯಜ್ಮಾನ್ರ. ಗಂಟಿ ಹೊಡೆದ ಮ್ಯಾಲ ಮಕ್ಕಳನ್ನ ಕಾಯಿಸಬಾರ್ದು ಅಂತ ಆಯಮ್ಮನಾ ಇಟ್ಟ ಪದ್ಧತಿ. ಇವಕ್ಕ ಅದಾ ರೂಢಿ. ಆಯಮ್ಮನೂ ಮಕ್ಕಳದೆಲ್ಲ ಆದ ಮ್ಯಾಲ, ಅಗೋ ಆ ಹೊಸ್ತಿಲ ಮ್ಯಾಲ ಕುಂತು, ತಳದಾಗ ಇದ್ದದ್ದು ಉಣ್ಣೋರು."

"ಯಾರು?"

"ನಿಮ್ಮಕ್ಕ."

"ನಮ್ಮಕ್ಕ? ಕಡೀಗೆ ಉಣ್ಣಾಕಿ?"

"ದಿನಾಲೂ."

ಯಜ್ಮಾನ್ರು ಸಣ್ಣವ್ವನನ್ನು ನೋಡಿದರು. ಆಮೇಲೆ ಹೊಸ್ತಿಲನ್ನು ನೋಡಿದರು. ಹೋಗಿ ಅದರ ಮೇಲೆ ಕೂತರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನೀವು ಬ್ಯಾರೆ ಯಾರನ್ನೋ ಹೇಳ್ತಿದೀರಿ," ಅಂದರು. "ನಮ್ಮಕ್ಕ ಕಡೀಗೆ ಉಣ್ಣಾಕಿ ಅಲ್ಲ. ನಮ್ಮವ್ವ ರೊಟ್ಟಿ ಬಡಿಯಾಕ ಕುಂತ್ಲು ಅಂದ್ರ ಒಲಿ ಮುಂದ ಮೊದಲು ಕುಂದ್ರಾಕಿ ಅಕಿ. ಮೊದಲನೇ ರೊಟ್ಟಿ ಉಬ್ಬಿ ಹಂಚಿನ ಮ್ಯಾಲಿಂದ ಇಳಿಯೋದಾ ತಡ, ಯಾರಿಗೂ ಬಿಡ್ತಿದ್ದಿಲ್ಲ. ನಮ್ಮಪ್ಪಗೂ ಬಿಡ್ತಿದ್ದಿಲ್ಲ. ಒಂದ್ಸಲ ನಾನು ಕಸ್ಕಂಡು ಓಡಿದ್ದಕ್ಕ ಅಟ್ಟಿಸ್ಕಂಡು ಬಂದು ಇಲ್ಲಿ ಕಚ್ಚಿದ್ಲು, ನೋಡ್ರಿ."

ಮಣಿಕಟ್ಟು ಮುಂದೆ ಹಿಡಿದರು. ನಾವು ಬಗ್ಗಿ ನೋಡಿದೆವು. ಅಲ್ಲಿ ಏನೂ ಇರಲಿಲ್ಲ, ಬಿಸಿಲಿಗೆ ಕರಿದಾದ ಚರ್ಮ, ಅಷ್ಟೇ. ಅವರೂ ನೋಡಿಕೊಂಡರು.

"ಕಚ್ಚಿ ಕಸ್ಕಂಡು ತಿಂದ್ಲು," ಅಂದರು. ನಕ್ಕರು. ಆ ನಗು ಬೇಗ ಮುಗಿಯಿತು. "ಇಲ್ಲಿ ಒಂದು ದಿನಾನೂ ಬಿಸಿ ರೊಟ್ಟಿ ತಿಂದಿಲ್ಲೇನವ್ವ ಅಕಿ?"

ಸಣ್ಣವ್ವ ತಲೆ ಅಲ್ಲಾಡಿಸಿದಳು. "ಇಷ್ಟು ಮಂದಿಗೆ ರೊಟ್ಟಿ ಬಡೀಬೇಕಂದ್ರ ಬೆಳಿಗ್ಗೇನಾ ಬಡಿದು ಒಟ್ಟಬೇಕ್ರಿ. ಉಣ್ಣೋ ಹೊತ್ತಿಗೆ ಆರಿರ್ತಾವು. ಅದರಾಗೂ ಮುರಿದದ್ದು ಆಯಮ್ಮ ಇಟ್ಕಳ್ಳೋರು."

ಮಕ್ಕಳು ಎದ್ದು ತಾಟು ತೊಳೆಯಲು ಹೋದರು. ನಲ್ಲಿಯ ಸದ್ದು ಬರುತ್ತಿತ್ತು.

"ಜ್ವಾಳದ ಹಿಟ್ಟು ಐತೇನು?" ಅಂದರು ಯಜ್ಮಾನ್ರು.

"ಐತ್ರಿ. ನೀವು ತಂದ ಜ್ವಾಳದ್ದಾ."

"ಆ ಗ್ಯಾಸು ಬ್ಯಾಡ. ಹೊರಗ ಮೂರು ಕಲ್ಲು ಇಡ್ರಿ. ಹೊಸದಾಗಿ ಬೆಂಕಿ ಹಚ್ರಿ."

ಕಂಡಕ್ಟರ್ ಓಡಿ ಹೋಗಿ ಕಲ್ಲು ತಂದ. ನಾನು ಬೇವಿನ ಒಣ ಕಟ್ಟಿಗೆ ಮುರಿದೆ. ಸಣ್ಣವ್ವ ಮತ್ತೆ ಕೈಕಾಲು ತೊಳೆದು, ಹಂಚು ತಿಕ್ಕಿ ಇಟ್ಟಳು. ಬಿಸಿ ನೀರು ಹಾಕಿ ಹಿಟ್ಟು ನಾದಿದಳು. ರೊಟ್ಟಿ ಬಡಿಯುವ ಸದ್ದಿಗೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಯಜ್ಮಾನ್ರು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ರೊಟ್ಟಿ ಹಂಚಿನ ಮೇಲೆ ಬಿತ್ತು. ಸಣ್ಣವ್ವ ಒದ್ದೆ ಬಟ್ಟೆಯಿಂದ ನೀರು ಸವರಿ ತಿರುವಿ ಹಾಕಿದಳು. ಮೊದಲು ಒಂದು ಅಂಚು ಎದ್ದಿತು, ಆಮೇಲೆ ಇಡೀ ರೊಟ್ಟಿ ಉಬ್ಬಿತು.

"ಕೊಡು," ಅಂದರು ಯಜ್ಮಾನ್ರು.

"ತಾಟು ತರ್ತೀನಿ ತಡೀರಿ."

"ಏ ಕೊಡವ್ವ, ಆರ್ತೈತಿ!"

ಬರಿಗೈಯಲ್ಲಿ ಎತ್ತಿಕೊಂಡರು. ನರ್ಸ್ ಮೇಲೆ ತುಪ್ಪ ಬಿಟ್ಟಳು. ಅವರು ಎದ್ದು, ರೊಟ್ಟಿಯನ್ನು ಈ ಕೈಯಿಂದ ಆ ಕೈಗೆ ಹಾಕುತ್ತಾ, "ಸರೀರಿ, ಸರೀರಿ" ಅನ್ನುತ್ತಾ ಕಟ್ಟಡದ ಹಿಂದಕ್ಕೆ ಹೊರಟರು. ಓಡಿದರು ಅನ್ನಬೇಕು. ಮೊಣಕಾಲು ನೋವಿನ ಮನುಷ್ಯ, ಪಂಚೆ ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಟೋಪಿ ಹೊಸ್ತಿಲ ಮೇಲೇ ಉಳಿಯಿತು. ಹಿಂದೆ ನಾವು, ನಮ್ಮ ಹಿಂದೆ ಮಕ್ಕಳು. ಮಣ್ಣಿನ ಮೇಲೆ ಬಾಳೆ ಎಲೆ ಹಾಕುವುದಕ್ಕೂ ಅವರು ಕಾಯಲಿಲ್ಲ. ರೊಟ್ಟಿಯನ್ನು ತಲೆಯ ಕಡೆಗೆ ಇಟ್ಟರು. ಅದರಿಂದ ಇನ್ನೂ ಹಬೆ ಏಳುತ್ತಿತ್ತು.

"ತಗಾ," ಅಂದರು. "ಮತ್ತ ನಾ ಕಸ್ಕಳ್ಳಲ್ಲ."

ಆಮೇಲೆ ಹಾಲು ಬಿಟ್ಟೆವು, ಮಲ್ಲಿಗೆ ಹಾಕಿದೆವು. ಕೈ ಮುಗಿದೆವು. ಕಂಡಕ್ಟರ್ ಅತ್ತ. ಈ ಸಲ ಸದ್ದಿಲ್ಲದೆ ಅತ್ತ.

ವಾಪಸು ಬಂದಾಗ ಸಣ್ಣವ್ವ ಇನ್ನೂ ಒಲೆಯ ಮುಂದೆ ಕೂತಿದ್ದಳು. ನಾದಿದ ಹಿಟ್ಟು ಮಿಕ್ಕಿತ್ತೆಂದು ಎರಡನೇ ರೊಟ್ಟಿ ಬಡಿದಿದ್ದಳು. ಯಜ್ಮಾನ್ರು ಅದನ್ನು ಎತ್ತಿ, ನಡುವೆ ಮುರಿದು, ಅರ್ಧವನ್ನು ನನ್ನ ಕಡೆ ಚಾಚಿದರು.

"ಬ್ಯಾಡ್ರಿ, ಮಕ್ಕಳಿಗೆ..." ಅಂದೆ.

"ಮಕ್ಕಳು ಉಂಡಾವು. ತಗಾ."

ತಗೊಂಡು ಬಾಯಿಗೆ ಹಾಕಿಕೊಂಡೆ. ನಾನು ಆ ಮನೆಯಲ್ಲಿ ಬೆಳೆದು ದೊಡ್ಡವನಾದವನು, ಅಲ್ಲಿ ಬಿಸಿ ರೊಟ್ಟಿ ತಿಂದದ್ದು ಅದೇ ಮೊದಲು. ನಾಲಿಗೆ ಸುಟ್ಟಿತು. ಸುದ್ದಿ ಕೇಳಿದಂದಿನಿಂದ ನನ್ನ ಮೈಗೆ ಗೊತ್ತಾದದ್ದು ಅದೊಂದೇ. ಉಗುಳಲಿಲ್ಲ. ಸುಡುತ್ತಿದ್ದಂತೆಯೇ ನುಂಗಿದೆ.

ಸಂಜೆ ಬಸ್ಸಿಗೆ ಬಿಡಲು ಹೋದಾಗ ಯಜ್ಮಾನ್ರು ಕಿಟಕಿಯಿಂದ ಹೇಳಿದರು.

"ಹನ್ನೊಂದಕ್ಕ ಎಷ್ಟು ಜ್ವಾಳ ಬೇಕಾಗ್ತಾವು, ಸಣ್ಣವ್ವನ್ನ ಕೇಳಿ ಫೋನ್ ಮಾಡಪ್ಪ. ತರ್ತೀನಿ."

"ಇಲ್ಲೇ ಮಾಡೋದೇನ್ರಿ?"

"ಮತ್ತೆಲ್ಲಿ? ಗಂಟಿಗಿಂತ ಮೊದ್ಲು ಬರ್ತೀನಿ ಈ ಸಲ. ನಿಮ್ಮನ್ನ ನಂಬಾಕ ಬರಲ್ಲ."

ಹನ್ನೊಂದನೇ ದಿನವೂ ಆಯಿತು. ನಾವೇ ಮಾಡಿದೆವು. ಮೊದಲ ರೊಟ್ಟಿ ಅಕ್ಕೋರದ್ದು, ಆಮೇಲೆ ಗಂಟೆ. ಈಗ ನಾನು ಕೊಟ್ಟೂರಿನಲ್ಲಿ ಅಂಗಡಿ ತೆರೆದಿದ್ದೇನೆ. ಅಳು ಇನ್ನೂ ಬಂದಿಲ್ಲ. ಬರುತ್ತದೆ ಅನ್ನುತ್ತಾಳೆ ನರ್ಸ್, ಕೆಲವರಿಗೆ ತಡವಾಗುತ್ತದಂತೆ. ಶಾಲೆಗೂ ನಾನು ತಡವಾಗಿಯೇ ಹೋದವನು. ನಾಲಿಗೆಯ ತುದಿ ಮಾತ್ರ ಬಹಳ ದಿನ ಉರಿಯುತ್ತಿತ್ತು, ಖಾರ ತಾಗಿದಾಗಲೆಲ್ಲ.

ಇಷ್ಟು ಬರೆಯಲು ನನಗೆ ಬಹಳ ದಿನ ಹಿಡಿಯಿತು. ಗಿರಾಕಿ ಬಂದರು, ನಿಲ್ಲಿಸುತ್ತೇನೆ. ನಿಮ್ಮ ಮನೆಯಲ್ಲೂ ಎಲ್ಲರದಾದ ಮೇಲೆ ಕಡೆಗೆ ಉಣ್ಣುವವರು ಯಾರಾದರೂ ಇರಬಹುದು, ಇದ್ದಿರಬಹುದು. ಅವರಿಗೆ ಏನು ಸೇರುತ್ತಿತ್ತು ಎಂದು ನಿಮಗೆ ಗೊತ್ತಿತ್ತೇ? ಹೇಗೆ ಗೊತ್ತಾಯಿತು? ನನ್ನಂತೆ ತಡವಾಗಿ ಗೊತ್ತಾಗಿದ್ದರೂ ಸರಿ, ಗೊತ್ತೇ ಆಗದಿದ್ದರೂ ಸರಿ, ದಯವಿಟ್ಟು ಬರೆಯಿರಿ. ನಿಧಾನವಾಗಿ ಓದುತ್ತೇನೆ, ಆದರೆ ಎಲ್ಲವನ್ನೂ ಓದುತ್ತೇನೆ.